ಹಿಟ್ಟಿನ ಗುಬ್ಬಿ

ಮನೆಯಾಕೆ ತೀರಿಕೊಂಡ ಮೇಲೆ ನನ್ನ ಊಟ ಮಾದಾಪುರದ ಗಾಜಿನ ಕಟ್ಟಡಗಳೆದುರಿನ ರೊಟ್ಟಿ ಬಂಡಿಯಲ್ಲೇ. ಇವತ್ತು ಕೊರಳಿಗೆ ಟ್ಯಾಗು ಹಾಕಿದ ಹುಡುಗರ ನಡುವೆ ನಿಂತಿದ್ದೆ. ಬಂಡಿಯಾಕೆ ಉಳಿದ ಹಿಟ್ಟಿನಲ್ಲೊಂದು ಗುಬ್ಬಿ ತಿದ್ದಿ, ಪಕ್ಕದಲ್ಲಿ ಕೂತ ಮಗಳಿಗೆಂದು ಹಂಚಿನ ಅಂಚಿಗಿಟ್ಟಳು. ಜೋಳದ ಹಿಟ್ಟು ಸುಟ್ಟ ವಾಸನೆ ಬಂತು ನೋಡಿ, ನಾನು ಸನತ್‌ನಗರದ ನಮ್ಮ ಚಿಕ್ಕಂದಿನ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿದ್ದೆ.

ಅವ್ವನೂ ಹಾಗೇ. ಕೊನೆಯ ಮುಷ್ಟಿ ಹಿಟ್ಟಿಗೆ ಕೊಕ್ಕು ಚಿವುಟಿ, ಸಾಸಿವೆಯ ಕಣ್ಣಿಟ್ಟು, ಬಳೆಯ ಅಂಚಿನಿಂದ ರೆಕ್ಕೆಗೆ ಗೆರೆ ಎಳೆಯುತ್ತಿದ್ದಳು. ಅದು ತಂಗಿಗೆ.

"ನನಗ?" ಎಂದರೆ, "ನೀ ದೊಡ್ಡಾವ ಅದೀಯಲ್ಲೋ, ರೊಟ್ಟಿ ತಿನ್ನು" ಎನ್ನುತ್ತಿದ್ದಳು.

ಎನ್ವಿ ಬೇರೆ, ಜೆಲಸಿ ಬೇರೆ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಯಾವುದು ಯಾವುದೋ ಮರೆತಿದೆ. ಆಗ ನನಗೆ ಎರಡೂ ಇದ್ದವು.

ಒಂದು ಸಂಜೆ ಶಿಫ್ಟು ಮುಗಿಸಿ ಬಂದ ಅಪ್ಪ, "ಇವತ್ತ ನನಗೂ ಒಂದು ಗುಬ್ಬಿ ಮಾಡು ನೋಡೂಣು" ಎಂದ. ಅವ್ವ ನಾಚಿ ನಕ್ಕು ಮಾಡಿಯೇ ಬಿಟ್ಟಳು. ಮೀಸೆ ಹೊತ್ತ ಗಂಡಸಿಗೆ!

"ಅಪ್ಪ ಸಣ್ಣಾವೇನು?" ಎಂದು ಕೂಗಿದೆ. ಅಪ್ಪ ಬಾಲವನ್ನು ಮೊದಲು ತಿಂದ.

ಇವತ್ತು ಬಂಡಿಯಾಕೆಯನ್ನು ಬಾಯಿಬಿಟ್ಟು ಕೇಳಿಯೇಬಿಟ್ಟೆ, "ತಂಗೀ, ಇನ್ನೊಂದು ಗುಬ್ಬಿ ಮಾಡ್ತೀಯೇನವ್ವ?"

"ಮೊಮ್ಮಗಂಗೇನ್ರಿ ಅಜ್ಜಾರ?"

"ಇಲ್ಲವ್ವ, ನನಗ."

ನಗುತ್ತಾ ಮಾಡಿಕೊಟ್ಟಳು. ಅವಳ ಮಗಳು ತನ್ನ ಗುಬ್ಬಿಯನ್ನು ಎದೆಗೊತ್ತಿಕೊಂಡು ನನ್ನ ಗುಬ್ಬಿಯನ್ನೇ ದುರುಗುಟ್ಟಿ ನೋಡಿದಳು. ನಾನು ಒಂದು ರೆಕ್ಕೆಯನ್ನೂ ಮುರಿದು ಕೊಡಲಿಲ್ಲ.