ಶಿವಕ್ಕನ ಕೈಯ ಮಾತ್ರೆ

ರೇವಣಸಿದ್ದಯ್ಯನವರು ಲಿಂಗಕ್ಕೆ ತೋರಿಸದೆ ಒಂದು ಗುಟುಕು ನೀರನ್ನೂ ಗಂಟಲಿಗೆ ಇಳಿಸಿದವರಲ್ಲ. ರಾಣೆಬೆನ್ನೂರು ಕಡೆಯ ಜಂಗಮರ ಮನೆತನ. ಮೀಸೆ ಚಿಗುರುವ ವಯಸ್ಸಿನಲ್ಲಿ ರಾಜಾಜಿನಗರದ ಕಾರ್ಖಾನೆಯೊಂದಕ್ಕೆ ಫಿಟ್ಟರಾಗಿ ಬಂದು, ಮೂವತ್ತೆಂಟು ವರ್ಷ ಕಬ್ಬಿಣದ ಜೊತೆ ಗುದ್ದಾಡಿ, ಮಾರೇನಹಳ್ಳಿಯಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡಿದ್ದರು. ಕಾರ್ಖಾನೆಯ ಕ್ಯಾಂಟೀನಿನಲ್ಲೂ ಮೊದಲ ತುತ್ತನ್ನು ಎದೆಯ ಮೇಲಿನ ಲಿಂಗದ ಕರಡಿಗೆಗೆ ಮುಟ್ಟಿಸಿಯೇ ಉಣ್ಣುವುದು. ಜೊತೆಯವರು ನಕ್ಕರೆ, "ಧಣಿಗೆ ತೋರಿಸಲಾರದ ಆಳು ಉಂಡ್ರ ಅದು ಕಳವು ಆಕ್ಕೈತ್ರೋ" ಎನ್ನುತ್ತಿದ್ದರು.

ಅವರ ಹೆಂಡತಿ ಶಿವಕ್ಕ. ಮಕ್ಕಳಾಗಲಿಲ್ಲ. ಒಬ್ಬರಿಗೊಬ್ಬರು ಮಗುವಾಗಿ ಸಂಸಾರ ನಡೆದಿತ್ತು.

ಎರಡು ವರ್ಷದ ಹಿಂದೆ ಅಯ್ಯನವರ ಎದೆ ಹಿಡಿದುಕೊಂಡಿತು. ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಕಳಿಸಿದ ಡಾಕ್ಟರು, ರಕ್ತ ತೆಳು ಮಾಡುವುದಕ್ಕೆ ಒಂದು, ಕೊಲೆಸ್ಟ್ರಾಲಿಗೆ ಒಂದು, ಹೀಗೆ ಮಾತ್ರೆ ಬರೆದುಕೊಟ್ಟು, ಒಂದು ದಿನವೂ ತಪ್ಪಬಾರದೆಂದು ಹೇಳಿದ್ದರು. ನಾಲ್ಕನೆಯ ಇಯತ್ತೆ ಓದಿದ ಶಿವಕ್ಕ ಅವುಗಳನ್ನು ಬಣ್ಣದ ಮೇಲೆ ಗುರುತು ಹಿಡಿದಳು. ಬೆಳಗಿನ ಪೂಜೆ ಮುಗಿಯುತ್ತಲೂ ಅಂಗೈ ಮೇಲೆ ಮಾತ್ರೆ ಇಟ್ಟುಕೊಂಡು ನಿಲ್ಲುವಳು. ಅವರು ಅವಳ ಅಂಗೈಯಿಂದ ಎತ್ತಿ, ಲಿಂಗಕ್ಕೆ ತೋರಿಸಿ, ನುಂಗುವರು. ಗಂಡನ ಉಸಿರು ತನ್ನ ಅಂಗೈಯಲ್ಲಿದೆಯೆಂಬ ಭಯ ಅವಳಿಗೆ. ಆ ಭಯದ ಬುಡದಲ್ಲಿ ಚೂರು ಹೆಮ್ಮೆಯೂ ಇತ್ತೆನ್ನಿ.

ಈ ಯುಗಾದಿ ಆದಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಕೊಲೆಸ್ಟ್ರಾಲು ಡಾಕ್ಟರು ಬಯಸಿದ್ದಕ್ಕಿಂತ ಒಂದು ಗೆರೆ ಮೇಲಿತ್ತು. "ಕರಿದದ್ದು ಬಿಡ್ಲಿ, ನಡೀಲಿ, ಆರು ತಿಂಗಳು ಬಿಟ್ಟು ನೋಡೋಣ" ಎಂದರು ಅವರು. ಶಿವಕ್ಕನಿಗೆ ಮಾತ್ರ ಹೆದರಿದವಳ ಮೇಲೆ ಹಾವು ಎಸೆದಂತಾಯಿತು. ಪಕ್ಕದ ಮನೆಯ ಅಕ್ಕಯ್ಯಮ್ಮನ ಮುಂದೆ ಕಣ್ಣೀರು ಹಾಕಿದಳು.

"ಅಯ್, ಅಷ್ಟಕ್ಕೇ ಅಳ್ತಾರೇನಕ್ಕಾ? ನಮ್ ಯಜಮಾನ್ರು ಮೀನೆಣ್ಣೆ ಗುಳಿಗೆ ನುಂಗ್ತಾರೆ. ನಮ್ ಮಗ ಗೌತಮ ಆನ್‌ಲೈನಲ್ಲಿ ತರಿಸ್ತಾನೆ. ಎದೆ ಗುಂಡುಕಲ್ಲಿದ್ದಂಗೈತೆ!"

"ಶಿವಶಿವಾ! ನಮ್ಮನ್ಯಾಗ ಮೀನೇನವ್ವಾ?"

"ಮೀನೆಲ್ಲೈತೆ ಅದ್ರಲ್ಲಿ? ಬರೀ ಎಣ್ಣೆ. ಜೀವ ದೊಡ್ದೋ, ಮಡಿ ದೊಡ್ದೋ?"

ಎರಡು ದಿನ ಶಿವಕ್ಕ ಒಳಗೊಳಗೇ ಕುದ್ದಳು. ಮೂರನೆಯ ದಿನ ಗುಳಿಗೆಗಳನ್ನು ಒಂದು ಹಳೆಯ ಡಬ್ಬಿಗೆ ಸುರಿದುಕೊಂಡು ತಂದಳು. ಮೀನಿನ ಚಿತ್ರವಿದ್ದ ಬಾಟಲಿ ಅಕ್ಕಯ್ಯಮ್ಮನ ಮನೆಯಲ್ಲೇ ಉಳಿಯಿತು. ಅವಳ ಲೆಕ್ಕ ಹೀಗಿತ್ತು: ಪೂಜೆಯ ಹೊತ್ತಿಗೆ ಇದನ್ನು ಕೊಡುವುದೇ ಬೇಡ. ಮಧ್ಯಾಹ್ನ ಉಂಡು ಅಡ್ಡಾಗಿರುವಾಗ ನೇರ ಬಾಯಿಗೆ ಹಾಕಿಬಿಟ್ಟರೆ ಲಿಂಗಕ್ಕೆ ಮೈಲಿಗೆಯಿಲ್ಲ, ಎದೆಗೆ ಔಷಧಿ.

ಬಾಯಿಯ ಹತ್ತಿರ ಕೈ ಒಯ್ಯುತ್ತಲೂ ಅಯ್ಯನವರು ಎದ್ದು ಕುಳಿತರು. "ಏನಿದು?"

"ಹೊಸಾದ್ರೀ. ಎದಿಗೆ ಒಳ್ಳೇದಂತ, ಎಣ್ಣಿದು."

"ಯಾತರ ಎಣ್ಣಿ?"

"ಅಗಸಿ ಎಣ್ಣಿರಿ."

"ಅಗಸಿ ನಮ್ಮದ ಬಿಡು" ಎಂದು ನಗುತ್ತ ಕರಡಿಗೆ ಬಿಚ್ಚಿ, ಗುಳಿಗೆಯನ್ನು ಲಿಂಗಕ್ಕೆ ಮುಟ್ಟಿಸಿ, ಕಣ್ಣಿಗೊತ್ತಿಕೊಂಡು ನುಂಗಿದರು. ತಡೆಯಬೇಕೆಂದುಕೊಂಡ ಶಿವಕ್ಕ ತಡೆಯದೆ ಹೋದಳು. ಒಂದು ದಿನ ತಡೆಯದವಳು ಮರುದಿನ ಹೇಗೆ ತಡೆದಾಳು? ಹಾಗೆಯೇ ನಾಲ್ಕು ತಿಂಗಳು ಉರುಳಿದವು.

ಒಂದು ಸಂಜೆ ಅಕ್ಕಯ್ಯಮ್ಮನ ಗಂಡ ಮುನಿವೆಂಕಟಪ್ಪನೂ ಅಯ್ಯನವರೂ ಜಗಲಿಯ ಮೇಲೆ ಮಾತಾಡುತ್ತ ಕೂತಿದ್ದರು. ಅಯ್ಯನವರಿಗೆ ದೊಡ್ಡದೊಂದು ತೇಗು ಬಂತು. ಮುನಿವೆಂಕಟಪ್ಪ ಮೂಗು ಅರಳಿಸಿ ತೊಡೆ ತಟ್ಟಿ ನಕ್ಕ.

"ಏನ್ ಅಯ್ನೋರೇ, ನೀವೂ ನುಂಗ್ತಿದೀರಾ ಮೀನೆಣ್ಣೆ? ಈ ತೇಗು ನಂಗೊತ್ತಿಲ್ವಾ? ದಿನಾ ನಂದೂ ಇದೇ ಪಾಡು! ಮೀನ್ ಸಾರು ಉಂಡೋನೂ ಹಿಂಗೆ ನಾರಲ್ಲ!"

ಬಾಗಿಲ ಮರೆಯಲ್ಲಿದ್ದ ಶಿವಕ್ಕ ಕೇಳಿಸಿಕೊಂಡಳು. ಅಯ್ಯನವರು ಒಳಗೆ ಬಂದು ಚಾಪೆಯ ಮೇಲೆ ಕೂತರು. ಕೂಗಲಿಲ್ಲ, ಕೈಯೆತ್ತಲಿಲ್ಲ.

"ಅದು ಯಾತರ ಎಣ್ಣಿ, ಶಿವಕ್ಕ?"

ಅವಳು ಗುಳಿಗೆಯ ಡಬ್ಬಿಯನ್ನು ತಂದು ಅವರ ಮುಂದಿಟ್ಟಳು.

"ನಾನು ತಿಂದದ್ದು ಹೋಗ್ಲಿ. ಧಣಿಗೆ ತೋರ್ಸಿದೆನಲ್ಲ... ನಾಲ್ಕು ತಿಂಗಳು."

ಅಷ್ಟೇ ಅಂದದ್ದು. ಒಂದು ದಿನ ಉಪವಾಸವಿದ್ದರು. ಮರುದಿನ ಪೂಜೆ ಮುಗಿಯುತ್ತಲೂ ಶಿವಕ್ಕ ಎಂದಿನಂತೆ ಅಂಗೈ ಚಾಚಿ ನಿಂತಳು. ಅವರು ಆ ಅಂಗೈಯನ್ನು ನೋಡಿ, "ಇದರಾಗ ಏನೈತೋ ಯಾರಿಗೆ ಗೊತ್ತು" ಎಂದು ಮುಖ ತಿರುಗಿಸಿದರು. ಅವಳು ಡಾಕ್ಟರ ಚೀಟಿ ತಂದು ಮುಂದಿಟ್ಟಳು, ಕಾಲು ಹಿಡಿದಳು. ಅವಳು ತಟ್ಟಿದ ರೊಟ್ಟಿ ತಿಂದರು, ಮಾತ್ರೆ ಮುಟ್ಟಲಿಲ್ಲ. ಎಲ್ಲ ಮಾತ್ರೆಗಳ ಮೇಲೂ ಮೀನಿನ ನೆರಳು ಬಿದ್ದುಬಿಟ್ಟಿತ್ತು.

ಡಾಕ್ಟರ ಹತ್ತಿರ ಓಡಿಹೋಗಿ ಹೇಳಿದ್ದರೆ ಅವರಾದರೂ ಬುದ್ಧಿ ಹೇಳುತ್ತಿದ್ದರೋ ಏನೋ. ಆದರೆ ಹೇಳುವುದೇನನ್ನು? ಜಂಗಮನಿಗೆ ಮೀನೆಣ್ಣೆ ತಿನ್ನಿಸಿದೆ ಎಂದೇ? ನಾಚಿಕೆ ಅವಳ ಕಾಲು ಕಟ್ಟಿಹಾಕಿತು. ದಿನ ಬೆಳಗಾದರೆ ಅಂಗೈ ಚಾಚುವಳು, ಅವರು ಮುಖ ತಿರುಗಿಸುವರು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಕೈ ಹಣೆಯಿಂದ ಜಾರಿ ಎದೆಗೆ ಬಂತು. ಮುನಿವೆಂಕಟಪ್ಪನೇ ಆಟೋ ತಂದ. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದರು: "ಮಾತ್ರೆ ಯಾಕೆ ನಿಲ್ಸಿದ್ರಿ ಸಾರ್?"

ಅಯ್ಯನವರು ಶಿವಕ್ಕನ ಕಡೆ ಒಮ್ಮೆ ನೋಡಿದರು.

"ನಾನ ಮರ್ತೆನ್ರಿ, ತಾಯಿ. ಆಕಿ ಕೊಡ್ತಿದ್ಲು. ನಾನ ಮರ್ತೆ."

ಶಿವಕ್ಕ ಡಾಕ್ಟರಮ್ಮನ ಹಿಂದೆಯೇ ಹೊರಗೆ ಬಂದು, ಸೆರಗನ್ನು ಬಾಯಿಗಿಟ್ಟುಕೊಂಡು ಎಲ್ಲವನ್ನೂ ಹೇಳಿದಳು. "ಮೀನೆಣ್ಣಿಯಿಂದ ಹಿಂಗಾತೇನ್ರಿ?"

"ಅದ್ರಿಂದ ಆಗಿದ್ದಲ್ಲಮ್ಮ. ಆದ್ರೆ ಅದ್ರಿಂದ ಉಪಯೋಗಾನೂ ಇರ್ಲಿಲ್ಲ. ಕೆಟ್ಟ ಕೊಲೆಸ್ಟ್ರಾಲ್ ಮೀನೆಣ್ಣೆಗೆ ಇಳಿಯಲ್ಲ. ಟ್ರೈಗ್ಲಿಸರೈಡ್ ಅಂತ ಬೇರೆ ಕೊಬ್ಬು ಇದೆ, ಅದು ತುಂಬಾ ಜಾಸ್ತಿ ಇದ್ದೋರಿಗೆ ಕೆಲವು ಸಲ ನಾವೇ ದೊಡ್ಡ ಡೋಸಲ್ಲಿ ಬರ್ಕೊಡ್ತೀವಿ. ಅಂಗಡಿ ಗುಳಿಗೆ ನುಂಗಿದ್ರೆ ಹಾರ್ಟ್ ಅಟ್ಯಾಕ್ ತಪ್ಪತ್ತೆ ಅನ್ನೋದು ಬರೀ ನಂಬಿಕೆ. ಇವರನ್ನ ಕಾಯ್ತಿದ್ದಿದ್ದು ಆ ಮಾಮೂಲಿ ಮಾತ್ರೆಗಳು."

ಮೂರನೆಯ ದಿನ ಮಧ್ಯಾಹ್ನ ರೇವಣಸಿದ್ದಯ್ಯನವರು ಲಿಂಗೈಕ್ಯರಾದರು.

ಹನ್ನೊಂದನೆಯ ದಿನದ ಊಟಕ್ಕೆ ಊರಿನವರೆಲ್ಲ ಬಂದಿದ್ದರು. ಅಯ್ಯನವರ ಅಕ್ಕ ಹಾಲವ್ವ ಪಂಕ್ತಿಯ ನಡುವೆ ಕೂತು ಹಲುಬುತ್ತಿದ್ದಳು: "ಗಡಿಯಾರದಂಥಾ ಮನುಷ್ಯ, ಮಾತ್ರಿ ಮರ್ತು ಸತ್ತನಲ್ಲವ್ವಾ! ತನ್ನ ಬೇಜವಾಬ್ದಾರಿಗೆ ಹೆಂಡ್ತಿನ್ನ ಬೀದಿಗೆ ಹಾಕಿದನಲ್ಲ!" ಕೂತವರು ಹೌದೌದೆಂದು ತಲೆಯಾಡಿಸಿದರು.

ಶಿವಕ್ಕ ಪಾಯಸದ ಸೌಟು ಹಿಡಿದು ನಿಂತಿದ್ದಳು. ಮರೆತೆನೆಂಬ ಆ ಮಾತು ಗಂಡ ಹೊದಿಸಿ ಹೋದ ಕಂಬಳಿ. ಅದರೊಳಗೆ ಬೆಚ್ಚಗೆ ಇದ್ದುಬಿಡಬಹುದಿತ್ತು, ಎಳೆಯುವವರು ಯಾರೂ ಇರಲಿಲ್ಲ.

"ಅವರು ಮರ್ತಿರ್ಲಿಲ್ಲ, ಅತ್ತಿಗಿ" ಎಂದಳು. "ಅಗಸಿ ಎಣ್ಣಿ ಅಂತ ಸುಳ್ಳು ಹೇಳಿ ನಾನು ಅವರಿಗೆ ಮೀನೆಣ್ಣಿ ತಿನ್ಸಿದೆ. ಗೊತ್ತಾದಮ್ಯಾಲೆ ನನ್ನ ಕೈಯಿಂದ ಮಾತ್ರಿ ಇಸ್ಕೊಳ್ಳಲಿಲ್ಲ. ಆಸ್ಪತ್ರ್ಯಾಗ ಮರ್ತೆ ಅಂತ ಅಂದದ್ದು, ನನ್ನ ಮಾನ ಉಳಿಸಾಕ."

ಹಾಲವ್ವ ಕೈಯಲ್ಲಿದ್ದ ತುತ್ತನ್ನು ಎಲೆಯಲ್ಲಿಟ್ಟಳು. ಆಮೇಲೆ ಒಬ್ಬೊಬ್ಬರೇ ಎಲೆ ಮಡಿಚಿ ಏಳತೊಡಗಿದರು. ಯಾರೂ ಬೈಯಲಿಲ್ಲ, ಯಾರೂ ಸಮಾಧಾನ ಹೇಳಲಿಲ್ಲ. ಶಿವಕ್ಕ ಸೌಟನ್ನು ಪಾತ್ರೆಯಲ್ಲಿಟ್ಟು, ಸೆರಗು ಸಿಕ್ಕಿಸಿ, ಎಲೆ ಎತ್ತಲು ಬಾಗಿದಳು.