ನೀರಜ್ಜಿಯ ಸಪ್ಪೆ ಕೈ

ಶಿಶುವಿಹಾರದ ಹಿಂಬದಿಯ ಅಡುಗೆಮನೆಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಬೀದಿಗೆ ಇನ್ನೂ ಹಾಲಿನ ಗಾಡಿಯೂ ಬಂದಿಲ್ಲ. ನೇರಳೆ ಎಲೆಕೋಸನ್ನು ಬೇಯಿಸಿ ಸೋಸಿದ ನೀರು ದೊಡ್ಡ ಪಾತ್ರೆಯಲ್ಲಿ ತಣ್ಣಗೆ ಕೂತಿದೆ. ನೀರಜ್ಜಿ ಅದಕ್ಕೆ ಸೌಟು ಇಳಿಸಿ, ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನಾಲಿಗೆಗೆ ಮುಟ್ಟಿಸುತ್ತಾರೆ. ಕಣ್ಣು ಮುಚ್ಚಿ ಚಪ್ಪರಿಸುತ್ತಾರೆ. ಮುಖ ಬಾಡುತ್ತದೆ.

"ಥೂ, ಚೆನ್ನಾಗಿದೆ! ಮಾಡಿದ ಕೆಲಸ ಎಲ್ಲಾ ಕೆಟ್ಟೋಯ್ತು."

ಒಂದು ಚೊಂಬು ನೀರು ಬೆರೆಸುತ್ತಾರೆ. ಮತ್ತೆ ನಾಲಿಗೆಗೆ ಹನಿ. ಎಲ್ಲೋ ಮೂಲೆಯಲ್ಲಿ ಒಂದೆಳೆ ಸಿಹಿ ಇನ್ನೂ ಅವಿತುಕೊಂಡಿದೆ. ಇನ್ನೊಂದು ಚೊಂಬು. ಈ ಸಲ ಅವರ ಹುಬ್ಬು ಏಳುವುದಿಲ್ಲ, ತುಟಿ ಕೊಂಕುವುದಿಲ್ಲ. ಮುಖ ಬಸ್ ಕಾಯುತ್ತಿರುವವರ ಮುಖದಂತಿದೆ.

"ಹ್ಞಾಂ, ಈಗ ಬಂತು ದಾರಿಗೆ."

ಇವತ್ತು ದಾರಿಗೆ ಬರಲೇಬೇಕು. ಇವತ್ತು ಅಮ್ಮಂದಿರು ಬಂದು ನಿಂತು ನೋಡಲಿದ್ದಾರೆ. ಇವತ್ತೂ ಮಕ್ಕಳು ಟಬ್ಬಿನ ನೀರನ್ನು ಗಟಗಟ ಇಳಿಸಿದರೆ ಶಿಶುವಿಹಾರದ ನೀರಾಟಕ್ಕೆ ಎಳ್ಳುನೀರು.

ಮೂರು-ನಾಲ್ಕು ವರ್ಷದವರು ಕೈ ಅದ್ದಿ, ಸುರಿದು, ಹಿಂಡಿ, ಬಡಿದು ಆಡುವ ನೀರು ಇದು. ಆ ವಯಸ್ಸಿನವರು ಲೋಕವನ್ನು ಮೊದಲು ಬಾಯಿಂದಲೇ ವಿಚಾರಿಸಿಕೊಳ್ಳುತ್ತಾರೆ. ಆದ್ದರಿಂದ ನೀರಜ್ಜಿಯ ಟಬ್ಬಿಗೆ ಅಂಗಡಿಯ ಬಣ್ಣ ಬೀಳುವುದಿಲ್ಲ, ಸೋಪು ಬೀಳುವುದಿಲ್ಲ. ಬಣ್ಣಕ್ಕೆ ಎಲೆಕೋಸು, ಕ್ಯಾರೆಟ್ಟು, ಪಾಲಕ್; ನೊರೆಗೆ ಕಡಲೆಕಾಳು ಬೇಯಿಸಿದ ನೀರು. ಕಡಗೋಲಿನಲ್ಲಿ ಕಡೆದರೆ ಅದು ಸೋಪಿನ ನೊರೆಯನ್ನೇ ನಾಚಿಸುವಂತೆ ಉಬ್ಬುತ್ತದೆ. ನೀರು ಮಕ್ಕಳ ಮಣಿಕಟ್ಟಿನ ಆಳ ಮಾತ್ರ. ಆಟ ಮುಗಿದು ಟಬ್ಬು ಬರಿದಾಗುವ ತನಕ ನೀರಜ್ಜಿ ಕೂತಲ್ಲಿಂದ ಏಳುವುದಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡ ಫೋನು ಬಡಿದುಕೊಂಡರೂ, "ಬಡ್ಕೊಳ್ಳಲಿ ಬಿಡಿ. ನೀರಿನ ಪಕ್ಕ ಮಕ್ಕಳಿದ್ದಾಗ ನನಗೆ ಕಿವಿ ಇಲ್ಲ, ಕಣ್ಣು ಮಾತ್ರ."

ಇವರನ್ನು ಎಲೆಮರೆಯ ಕಾಯಿ ಎನ್ನುವುದಕ್ಕಿಂತ ಎಲೆಕೋಸಿನ ಮರೆಯ ಅಜ್ಜಿ ಎನ್ನುವುದೇ ವಾಸಿ. ಶಾಲೆಯ ಫೋಟೋಗಳಲ್ಲಿ ಮಕ್ಕಳಿದ್ದಾರೆ, ಟೀಚರುಗಳಿದ್ದಾರೆ, ಟಬ್ಬೂ ಇದೆ. ಅಂಚಿನಲ್ಲಿ ಒಂದು ಮೊಣಕೈ ಮಾತ್ರ ಇವರದ್ದು.

ಮೊದಲು ಅವರು ವಿದ್ಯಾರ್ಥಿಗಳ ಹಾಸ್ಟೆಲೊಂದರಲ್ಲಿ ಅಡುಗೆಯವರು. ಅವರ ಕೈರುಚಿಗೆ ಹುಡುಗರು ತಟ್ಟೆ ನೆಕ್ಕುತ್ತಿದ್ದರು. ಹಾಸ್ಟೆಲಿಗೆ ಬೀಗ ಬಿದ್ದ ಮೇಲೆ ಶಿಶುವಿಹಾರಕ್ಕೆ ಕಸ ಗುಡಿಸಲು ಬಂದರು. ಒಂದು ದಿನ ಮಕ್ಕಳು ನೆಲ ಒರೆಸುವ ಬಕೆಟ್ಟಿಗೇ ಕೈ ಹಾಕಿ ಕುಣಿಯುವುದನ್ನು ಕಂಡು, "ಅಯ್ಯೋ ಕೊಳಕರಾ, ಒಳ್ಳೆ ನೀರಾದ್ರೂ ಕೊಡ್ತೀನಿ ಬನ್ರೋ" ಎಂದು ಟಬ್ಬು ಇಟ್ಟರು. ಪೊರಕೆ ಇನ್ನೊಬ್ಬರ ಕೈಗೆ ಹೋಯಿತು, ಇವರಿಗೆ ನೀರಜ್ಜಿ ಎಂಬ ಹೊಸ ಹೆಸರು ಬಂತು.

ಅಡುಗೆಯವರ ಕೈ ಸುಮ್ಮನಿರುತ್ತದೆಯೇ? ಬೀಟ್‌ರೂಟ್ ಬೇಯಿಸಿ ಕೆಂಪು ನೀರು ಮಾಡಿದ ದಿನ, ಅಭ್ಯಾಸಬಲದಿಂದ ಚೂರು ಬೆಲ್ಲ, ನಾಲ್ಕು ಹನಿ ನಿಂಬೆ ಬಿದ್ದೇ ಹೋಯಿತು. ಮೊದಲು ಲೋಟ ಅದ್ದಿದವಳು ಸೊಂಡಿಲು. ದ್ರವ ರೂಪದಲ್ಲಿ ಏನು ಸಿಕ್ಕರೂ ಒಂದೇ ಉಸಿರಿಗೆ ಎಳೆಯುವ ಮೂರೂವರೆ ವರ್ಷದ ಹುಡುಗಿಗೆ ಟೀಚರುಗಳಿಟ್ಟ ಅಡ್ಡಹೆಸರು ಅದು. ಸೊಂಡಿಲು ಕುಡಿದಳು, ತುಟಿ ಒರೆಸಿದಳು, "ಇನ್ನೂ!" ಎಂದಳು. ಆಮೇಲೆ ಯಾರೂ ಆಡಲಿಲ್ಲ. ಟಬ್ಬಿನ ಸುತ್ತ ಸಾಲಾಗಿ ಬಗ್ಗಿ, ಬಾವಿಗೆ ಬಂದ ಕರುಗಳಂತೆ ತಳ ಕಾಣುವವರೆಗೆ ಕುಡಿದರು. ಅಷ್ಟೂ ಜನ ಕೈ ಅದ್ದಿದ ನೀರು!

ಮರುದಿನ ಬೆಳಗ್ಗೆ ಮಕ್ಕಳ ಚಡ್ಡಿಗಳು ಕೆಂಪು. ಆ ದಿನದ ಫೋನುಗಳನ್ನು ನೀರಜ್ಜಿ ಈಗಲೂ ದನಿ ಬದಲಿಸಿ ಬದಲಿಸಿ ಅಭಿನಯಿಸುತ್ತಾರೆ. ಒಂದು ಕೀರಲು ದನಿ: "ಮಿಸ್, ರಕ್ತ ಹೋಗ್ತಿದೆ ಮಿಸ್!" ಒಬ್ಬ ಅಪ್ಪನ ಗಡಸು ದನಿ: "ನಮ್ಮವನಿಗೆ ಏನು ಕೊಟ್ರಿ ಹೇಳಿಬಿಡಿ." ಕೊನೆಗೆ ಆಕಳಿಸುತ್ತಿರುವ ಡಾಕ್ಟರು: "ಬೀಟ್‌ರೂಟಮ್ಮಾ... ಬೀಟ್‌ರೂಟು. ಏನೂ ಆಗಲ್ಲ, ಹೋಗಿ."

ಏನೂ ಆಗಲಿಲ್ಲ ನಿಜ. ಆದರೆ ಮುಖ್ಯ ಟೀಚರ್ ಟಬ್ಬುಗಳನ್ನು ಬೋರಲು ಹಾಕಿಸಿದರು. "ಅಜ್ಜಿ, ಬೆರಳು ಬಾಯಿಗೆ ಹೋದ್ರೆ ಪರವಾಗಿಲ್ಲ. ಎಲ್ಲರ ಕೈ ತೊಳೆದ ನೀರನ್ನ ಲೋಟ ಲೋಟ ಕುಡಿದ್ರೆ ನಾನು ಏನಂತ ಉತ್ತರ ಕೊಡ್ಲಿ? ಕುಡಿಯೋ ನೀರು ಬೇಡ, ಆಡೋ ನೀರು ಮಾಡಿ. ಆಗಲ್ಲ ಅಂದ್ರೆ ನಿಲ್ಲಿಸಿಬಿಡೋಣ."

"ಆಗಲ್ಲ ಅನ್ನೋದು ನಮ್ಮ ವಂಶದಲ್ಲೇ ಇಲ್ಲ," ಎಂದು ಬಂದರು ನೀರಜ್ಜಿ. "ಬೋರಲು ಟಬ್ಬಿನ ಮೇಲೆ ಮಕ್ಕಳು ಕೂತು ಡಬಡಬ ಬಡೀತಿದ್ರು. ನನ್ನ ಬೆನ್ನಿಗೇ ಬಡಿದ ಹಾಗಾಯ್ತು."

ಇಡೀ ಆಯುಷ್ಯ ಬಾಯಲ್ಲಿ ನೀರೂರಿಸಿದವರಿಗೆ ಈಗ ನೀರಿನಿಂದ ಬಾಯಿ ತಪ್ಪಿಸುವ ಕೆಲಸ. ಮೊದಲು ಪಾಲಕ್ ಸೊಪ್ಪನ್ನು ಗಟ್ಟಿಯಾಗಿ ಕುದಿಸಿ ಕಹಿಯ ಹಾದಿ ಹಿಡಿದರು. ಮಕ್ಕಳು ಬೆರಳು ನೆಕ್ಕಿ, ಅತ್ತು, ಟಬ್ಬಿನ ಹತ್ತಿರವೇ ಸುಳಿಯಲಿಲ್ಲ. ಎಲೆಕೋಸನ್ನು ಬಿಸಿಬಿಸಿಯಾಗಿ ಸೋಸಿ ತಂದರೆ, "ಅಜ್ಜಿ ಹೂಸು ಬಿಟ್ಟಿದ್ದಾರೆ" ಎಂದು ತರಗತಿಯೇ ಮೂಗು ಹಿಡಿಯಿತು. ರಾತ್ರಿಯಿಡೀ ತೆರೆದಿಟ್ಟರೆ ವಾಸನೆ ತಗ್ಗುತ್ತದೆ ಎಂದು ಕಂಡುಕೊಂಡರು. "ಕಹಿ ಮಾಡೋದು ಸುಲಭ, ಸಿಹಿ ಮಾಡೋದು ಸುಲಭ. ನಾಲಿಗೆಗೆ ಬೇಜಾರು ಮಾಡ್ಸೋದಿದೆಯಲ್ಲ, ಅದು ಕಷ್ಟ. ಮಗು ಒಂದು ಸಲ ನೆಕ್ಕಿ, 'ಓ, ಇಷ್ಟೇನಾ' ಅಂತ ಬಿಟ್ಟುಬಿಡಬೇಕು."

ಈ ತಪಸ್ಸಿನ ಬಿಸಿ ತಟ್ಟಿದ್ದು ಮನೆಗೆ. ಅಜ್ಜಿಯ ಕೈ ಉಪ್ಪನ್ನೇ ಮರೆಯಿತು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಸೊಸೆ ಒಂದು ರಾತ್ರಿ ತುತ್ತು ಬಾಯಿಗಿಟ್ಟು ಗಂಭೀರವಾಗಿ ಕೇಳಿದಳು: "ಅತ್ತೆ, ಇದು ನಮಗಾ, ಟಬ್ಬಿಗಾ?"

"ಸಪ್ಪೆ ಇದೆಯಾ?"

"ನಮ್ಮ ಆಸ್ಪತ್ರೆ ಊಟ ಇದರ ಮುಂದೆ ಮದುವೆ ಊಟ, ಅತ್ತೆ."

"ಬಾಯಿ ತುಂಬಾ ಬೈಯೇ, ನನಗೆ ಧೈರ್ಯ ಬರುತ್ತೆ," ಎಂದರಂತೆ ನೀರಜ್ಜಿ.

ಈಗ ಅಂಗಳಕ್ಕೆ ಬಿಸಿಲು ಬಿದ್ದಿದೆ. ಟಬ್ಬುಗಳು ಅಂಗಾತ ಕೂತಿವೆ: ಒಂದರಲ್ಲಿ ಬಿಳಿ ನೊರೆ, ಎರಡರಲ್ಲಿ ನೇರಳೆ ನೀರು, ಕೊನೆಯದರಲ್ಲಿ ಬರೀ ನೀರು. ಆ ಬರೀ ನೀರಿಗೆ ನೀರಜ್ಜಿ ಒಂದಿಷ್ಟು ನಿಂಬೆ ಹಿಂಡುತ್ತಾರೆ, ಕಲಕಿ ರುಚಿ ನೋಡುತ್ತಾರೆ, ಮತ್ತೆ ನೀರು ಸುರಿಯುತ್ತಾರೆ. "ಹುಳಿ ಬಣ್ಣಕ್ಕೆ ಗೊತ್ತಾಗಬೇಕು, ನಾಲಿಗೆಗೆ ಗೊತ್ತಾಗಬಾರದು." ಅಮ್ಮಂದಿರು ಗೋಡೆಯುದ್ದಕ್ಕೂ ಕೈಕಟ್ಟಿ ನಿಂತಿದ್ದಾರೆ. ಮುಖ್ಯ ಟೀಚರ್ ಕನ್ನಡಕ ಒರೆಸಿದ್ದನ್ನೇ ಒರೆಸುತ್ತಿದ್ದಾರೆ. ನೀರಜ್ಜಿ ಮೋಟು ಮಣೆಯ ಮೇಲೆ ಕೂತು, ಪ್ರತಿ ಟಬ್ಬಿನಿಂದಲೂ ಒಂದೊಂದು ಸೌಟು ತೆಗೆದು ಎಲ್ಲರೆದುರು ತಾವೇ ಕುಡಿಯುತ್ತಾರೆ. ಇದು ಅವರ ನಿತ್ಯದ ಕಟ್ಟಳೆ: ಮಕ್ಕಳ ಬೆರಳಿಗಿಂತ ಮೊದಲು ತಮ್ಮ ಬಾಯಿ.

ಬಾಗಿಲು ತೆರೆಯುತ್ತದೆ. ಎಲ್ಲರಿಗಿಂತ ಮುಂದೆ, ಲೋಟ ಹಿಡಿದು, ಸೊಂಡಿಲು.

ಯಾರೂ ತಡೆಯುವುದಿಲ್ಲ, ತಡೆಯಬಾರದೆಂದು ನೀರಜ್ಜಿ ಮೊದಲೇ ಹೇಳಿಟ್ಟಿದ್ದಾರೆ. ಲೋಟ ನೇರಳೆ ನೀರಿಗೆ ಇಳಿಯುತ್ತದೆ, ಏಳುತ್ತದೆ, ತುಟಿಗೆ ತಾಗುತ್ತದೆ. ಸೊಂಡಿಲಿನ ಅಮ್ಮ ಸೆರಗು ಕಚ್ಚುತ್ತಾರೆ. ಒಂದು ಗುಟುಕು. ಮಗು ನಿಲ್ಲುತ್ತದೆ. ಲೋಟದೊಳಕ್ಕೆ ಇಣುಕಿ, ಅಜ್ಜಿಯನ್ನು ನೋಡಿ, ಮೋಸಹೋದ ಗಿರಾಕಿಯ ದನಿಯಲ್ಲಿ ಹೇಳುತ್ತದೆ:

"ಅಜ್ಜೀ, ಇದ್ರಲ್ಲಿ ಏನೂ ಇಲ್ಲ!"

ಹೇಳಿ, ಉಳಿದದ್ದನ್ನು ತಿರಸ್ಕಾರದಿಂದ ಪಕ್ಕದ ಟಬ್ಬಿಗೆ ಚೆಲ್ಲುತ್ತದೆ. ಅದು ನಿಂಬೆ ಬೆರೆತ ಟಬ್ಬು. ನೇರಳೆ ನೀರು ಬಿದ್ದ ಜಾಗ ಕಣ್ಣೆದುರೇ ಗುಲಾಬಿಯಾಗುತ್ತದೆ.

ಸೊಂಡಿಲಿನ ಬಾಯಿ ತೆರೆಯುತ್ತದೆ, ಆದರೆ ಕುಡಿಯಲಿಕ್ಕಲ್ಲ. ಲೋಟ ಮತ್ತೆ ನೇರಳೆ ನೀರಿಗೆ ಇಳಿಯುತ್ತದೆ, ತುಂಬಿಕೊಂಡು ಈ ಸಲ ನೇರ ಪಕ್ಕದ ಟಬ್ಬಿಗೆ ಸುರಿಯುತ್ತದೆ. ಮತ್ತೆ ಗುಲಾಬಿ. ಹಿಂದಿದ್ದವರೆಲ್ಲ ನುಗ್ಗುತ್ತಾರೆ. ಯಾರೋ ನೊರೆಯ ಮೀಸೆ ಹಚ್ಚಿಕೊಂಡು ಪೊಲೀಸಾಗುತ್ತಾರೆ. ಯಾರೋ ಬೆರಳು ನೆಕ್ಕಿ, ಬೇಜಾರಾಗಿ, ಮತ್ತೆ ಆಟಕ್ಕೆ ಹೋಗುತ್ತಾರೆ. ಮುಖ್ಯ ಟೀಚರ್ ಕನ್ನಡಕ ಹಾಕಿಕೊಂಡು ಎಲ್ಲ ಟಬ್ಬುಗಳನ್ನೂ ಬಗ್ಗಿ ನೋಡುತ್ತಾರೆ. ನೀರು ಚೆಲ್ಲಿದೆ, ಬಣ್ಣ ಬದಲಾಗಿದೆ, ಆ ಒಂದು ಗುಟುಕು ಬಿಟ್ಟರೆ ಯಾರ ಹೊಟ್ಟೆಗೂ ಹೋಗಿಲ್ಲ. "ನಾಳೆಗೂ ಇದೇ ಇರಲಿ ಅಜ್ಜಿ," ಎನ್ನುತ್ತಾರೆ.

ಕೊನೆಯ ಟಬ್ಬು ಬರಿದಾದ ಮೇಲಷ್ಟೇ ನೀರಜ್ಜಿ ಮಣೆಯಿಂದ ಏಳುತ್ತಾರೆ. "ಸಂಜೆ ಸೊಸೆಗೆ ಉಪ್ಪು ಹಾಕಿ ಅಡುಗೆ ಮಾಡ್ಬೇಕು. ಪಾಪ, ಬಡವಾಗಿದ್ದಾಳೆ," ಎಂದು ಸೊಂಟ ನೀವಿಕೊಳ್ಳುತ್ತಾರೆ. ಅಷ್ಟರಲ್ಲಿ ಒದ್ದೆ ಲಂಗದ ಸೊಂಡಿಲು ಅಮ್ಮನ ಕೈ ಬಿಡಿಸಿಕೊಂಡು ಓಡಿಬಂದು ಸೆರಗು ಜಗ್ಗುತ್ತಾಳೆ.

"ಅಜ್ಜಿ, ನಾಳೆನೂ ಏನೂ ಇಲ್ಲದ್ದೇ ಮಾಡ್ತೀಯಾ?"

"ಮಾಡ್ತೀನಿ ಕಂದ," ಎನ್ನುತ್ತಾರೆ ನೀರಜ್ಜಿ, ಟಬ್ಬನ್ನು ಬೋರಲು ಹಾಕದೆ ಬಿಸಿಲಿಗೆ ವಾಲಿಸಿಟ್ಟು. "ಅದನ್ನ ನನ್ನ ಹಾಗೆ ಮಾಡೋರು ಯಾರಿದ್ದಾರೆ ಹೇಳು?"