ಆಯಿಯ ಪಾಲಿನ ಪೋಟಾ

ಆ ಭಾನುವಾರ ಭಾಲ್ಕಿಯ ಚಿಗವ್ವನ ಮನೆಯಲ್ಲಿ ನಾವು ನಾಲ್ವರಿದ್ದೆವು. ಒಲೆಯ ಮುಂದೆ ಚಿಗವ್ವ, ಅವಳ ಪಕ್ಕದಲ್ಲಿ ಮಣೆ ಹಾಕಿಕೊಂಡು ಅವಳ ತಾಯಿ, ಅಂದರೆ ನನ್ನ ಅಜ್ಜಿ, ನಾವು ಕರೆಯುವುದು ಆಯಿ. ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತ ಚಿಗವ್ವನ ಗಂಡ, ನಮ್ಮ ಕಾಕಾ. ಆಮೇಲೆ ಬೀದರಿನಿಂದ ಬಸ್ಸಿಗೆ ಬಂದ ನಾನು. ನನ್ನ ಕೈಯಲ್ಲಿದ್ದ ಡಬ್ಬಿಯಲ್ಲಿ ಬರೀ ಪೋಟಾ.

ಪೋಟಾ ಅಂದರೆ ಕೋಳಿ ನುಂಗಿದ ಕಾಳನ್ನು ಅರೆಯುವ ಗಟ್ಟಿ ಚೀಲ. ಒಂದು ಕೋಳಿಗೆ ಒಂದೇ. ಔರಾದ ಕಡೆ ಡಾಬಕಾದಲ್ಲಿ, ಆಯಿಯ ಮನೆಯಲ್ಲಿ, ಅದು ಅಳಿಯನ ಪಾಲು. ಕಲೇಜಿ, ಅಂದರೆ ಲಿವರ್, ಮಕ್ಕಳಿಗೆ; ಕುತ್ತಿಗೆ ಮತ್ತು ಕಾಲು ಅಡುಗೆ ಮಾಡಿದವಳಿಗೆ. ತಾಟಿನಲ್ಲಿ ಪೋಟಾ ಕಾಣದಿದ್ದರೆ ಅಳಿಯನ ಮರ್ಯಾದೆ ಹೋದಂತೆ. ಹೀಗಾಗಿ ಜನ್ಮವಿಡೀ ಕೋಳಿ ಬೇಯಿಸಿದ ಆಯಿ ಅದರ ರುಚಿಯನ್ನೇ ನೋಡಿರಲಿಲ್ಲ.

ಅವಳಿಗೆ ಆ ಆಸೆ ಇತ್ತೆಂದು ನನಗೆ ತಿಳಿದದ್ದು ಬೀದರಿನ ಹಲ್ಲಿನ ದವಾಖಾನೆಯಲ್ಲಿ. ಹೊಸ ಹಲ್ಲಿನ ಸೆಟ್ ಕೂರಿಸಿದ ಡಾಕ್ಟರನ್ನು ಅವಳು ಕೇಳಿದ ಮೊದಲ ಮಾತೇ, “ಇದರಾಗ ಪೋಟಾ ಕಡೀಲಿಕ್ಕಿ ಬರ್ತದೇನ್ರಿ ಸಾಹೇಬ್ರ?”

“ಮೆತ್ತಗ ಕುದಿಸಿದ್ರ ನಡೀತದರಿ,” ಎಂದು ಅವರು ನಕ್ಕರು.

ಹುಡುಕಲು ಹೋದರೆ ಅದು ಸುಲಭವಾಗಿ ಸಿಗುವಂಥದ್ದಲ್ಲ. ಎರಡು ಕೋಳಿ ಅಂಗಡಿಯಲ್ಲಿ ಖಾನಾವಳಿಯವರು ಆಗಲೇ ಒಯ್ದಿದ್ದರು. ಮೂರನೆಯವನು ತೂಗುತ್ತ ಕೇಳಿದ, “ಇಷ್ಟು ಪೋಟಾ ಯಾಕ್ರಿ, ನಾಯಿ ಸಾಕೀರೇನು?”

“ನಮ್ಮ ಆಯಿಗ್ರಿ.”

“ತೋಬಾ ತೋಬಾ! ತಪ್ಪಾಯ್ತರಿ,” ಎನ್ನುತ್ತ ಅವನು ಇನ್ನೊಂದು ಹಿಡಿ ಹಾಕಿದ.

ಅಂಗಡಿಯವನು ಬಿಟ್ಟಿದ್ದ ಒಳಗಿನ ಹಳದಿ ಸಿಪ್ಪೆಯನ್ನು ಆಯಿ ಉಗುರಿನಿಂದ ಒಂದೊಂದಾಗಿ ಸುಲಿದಳು. ಉಪ್ಪು, ಅರಿಶಿನ ಹಚ್ಚಿ ತಿಕ್ಕಿ ತೊಳೆದಳು. ಚಿಗವ್ವ ಕುಕ್ಕರಿಗೆ ಹಾಕಿ ಸೀಟಿಯ ಮೇಲೆ ಸೀಟಿ ಹೊಡೆಸಿದಳು. ಸುಟ್ಟ ಉಳ್ಳಾಗಡ್ಡಿ, ಒಣಕೊಬ್ಬರಿ, ಖಾರ ಅರೆದು ಎಣ್ಣೆಯಲ್ಲಿ ಹುರಿದಾಗ ಪಡಸಾಲೆಯಲ್ಲಿ ಪೇಪರ್ ಮಡಿಚಿದ ಸಪ್ಪಳ ಕೇಳಿಸಿತು.

ಎಲ್ಲರೂ ಕೂತೆವು. ಬಡಿಸಲು ಆಯಿ ಯಾರಿಗೂ ಸೌಟು ಕೊಡಲಿಲ್ಲ. ಬಡಿಸಿದಳು ನೋಡಿ, ಅಷ್ಟೂ ಪೋಟಾ ಕಾಕಾನ ತಾಟಿಗೆ! ತನ್ನ ರೊಟ್ಟಿಯ ಮೇಲೆ ಒಂದಿಷ್ಟು ಮಸಾಲೆ ಬಳಿದುಕೊಂಡು ಕೂತಳು.

“ಯವ್ವಾ, ಇದು ನಿನಗಂತನ ಮಾಡಿದ್ದು!” ಎಂದು ಚಿಗವ್ವ ಹಣೆ ಬಡಿದುಕೊಂಡಳು.

“ಅಳಿಯ ಎದುರಿಗಿ ಕುಂತಾರ. ನಾ ಹ್ಯಾಂಗ ಹಾಕ್ಕೊಳ್ಲಿ?”

ಕಾಕಾ ತಾಟನ್ನೇ ನೋಡುತ್ತಿದ್ದರು. ಕೊನೆಗೆ ಮೆಲ್ಲಗೆ ಹೇಳಿದರು, “ಅತ್ತಿ, ಸಿಟ್ಟಾಗಬ್ಯಾಡ್ರಿ. ನನಗ ಪೋಟಾ ಮೊದಲಿಂದನೂ ಸೇರಂಗಿಲ್ರಿ.”

ಆಯಿ ಕೈಯ ರೊಟ್ಟಿ ಕೆಳಗಿಟ್ಟಳು. “ಸೇರಂಗಿಲ್ಲಂದ್ರ ಇಷ್ಟು ವರ್ಷ ಯಾಕ ತಿಂದ್ರಿ?”

“ನೀವು ಬಾಗಲ ಮರಿಗಿ ನಿಂತು ನೋಡ್ತಿದ್ರಿ. ಬಿಟ್ರ ನಿಮಗ ಬ್ಯಾಸರ ಆಗ್ತದಂತ ನುಂಗ್ತಿದ್ದೆರಿ.”

“ನೀವು ತಿಂತೀರೋ ಇಲ್ಲೋ ಅಂತ ನಾ ಯಾಕ ನೋಡ್ಲಿ?” ಎಂದಳು ಆಯಿ. “ಒಂದು ತುಂಡರ ಉಳೀತದೇನಂತ ನೋಡ್ತಿದ್ದೆ!”

ಚಿಗವ್ವ ನಗುತ್ತ ನಗುತ್ತ ಕೆಮ್ಮಿದಳು. ಕಾಕಾ ತಮ್ಮ ತಾಟನ್ನು ಎರಡೂ ಕೈಯಿಂದ ಎತ್ತಿ ಅತ್ತೆಯ ಮುಂದಿಟ್ಟರು. ಆಯಿ ಸೆರಗು ಸರಿಮಾಡಿಕೊಂಡು ಒಂದು ತುಂಡು ಬಾಯಿಗಿಟ್ಟಳು. ಹೊಸ ಹಲ್ಲು ನಿಧಾನಕ್ಕೆ ಆಡುತ್ತಿತ್ತು. ನಾವು ಮೂವರೂ ರೊಟ್ಟಿ ಮುರಿಯುವುದನ್ನೂ ಮರೆತು ಅವಳ ಬಾಯನ್ನೇ ನೋಡುತ್ತಿದ್ದೆವು.

“ಉಪ್ಪು ಕಮ್ಮಿ ಆಗ್ಯದ,” ಎಂದಳು. ಮತ್ತೊಂದು ತುಂಡು ತೆಗೆದುಕೊಂಡಳು.

ಮುಂದೆ ಚಿಗವ್ವನ ಮಗಳನ್ನು ಹಲಬರ್ಗಾಕ್ಕೆ ಕೊಟ್ಟರು. ಹೊಸ ಅಳಿಯ ಮೊದಲ ಸಲ ಊಟಕ್ಕೆ ಬಂದಾಗ ಆಯಿ ಬಡಿಸುವ ಮೊದಲೇ ಕೇಳಿದಳು, “ಖರೇ ಹೇಳ್ರಿ, ನಿಮಗ ಪೋಟಾ ಸೇರ್ತದೇನ್ರಿ?”

“ಭಾಳ ಸೇರ್ತದರಿ ಆಯಿ,” ಎಂದ ಅವನು.

ಆಯಿ ಅವನ ತಾಟಿಗೆ ಎರಡು ತುಂಡು ಹಾಕಿ, ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು.